ಸತ್ತವರ ಬಾಕಿಗೆ ಅರ್ಜಿ ಬರೆಯುವ ರೋಶನಬಿ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ತುಕ್ಕಾನಟ್ಟಿಯ ಕಾಶೆವ್ವನ ಮನೆಯ ದನದ ಕೊಟ್ಟಿಗೆಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಗೋಣಿಚೀಲ ಹಾಸಿ ಕುಳಿತಿರುವ ರೋಶನಬಿ ನದಾಫ, ನಾಲ್ಕು ಮಡಿಕೆಯ ಕಾಗದವೊಂದನ್ನು ಹರಿಯದಂತೆ ಬಿಡಿಸುತ್ತಿದ್ದಾರೆ. ಎಂಟು ತಿಂಗಳು ಜೋಳದ ಡಬ್ಬಿಯ ತಳದಲ್ಲಿದ್ದ ಕಾಗದ ಅದು. ಮಡಿಕೆ ಬಿಚ್ಚಿದಂತೆಲ್ಲ ಹಿಟ್ಟಿನಂಥ ಪುಡಿ ಉದುರುತ್ತದೆ. ಕಾಶೆವ್ವ ಕಾಗದಕ್ಕೆ ಬೆನ್ನು ಮಾಡಿ, ಎಮ್ಮೆಯ ಕಡೆ ಮುಖ ಮಾಡಿ ಕುಳಿತಿದ್ದಾರೆ.

"ಜೋರಾಗಿ ಓದಬ್ಯಾಡ ತಂಗಿ," ಎನ್ನುತ್ತಾರೆ ಅವರು. "ಆಚಿ ಮನಿಯವರು ಎದ್ದಿರತಾರ."

ರೋಶನಬಿ ತುಟಿ ಅಲ್ಲಾಡಿಸುತ್ತ ಓದುತ್ತಾರೆ. ಒಂದು ಶಬ್ದದ ಮೇಲೆ ಬೆರಳಿಟ್ಟು ತಲೆ ಎತ್ತುತ್ತಾರೆ.

"ಅಕ್ಕಾ, ಇದರಾಗ ವಾರಂಟು ಅಂತ ಎಲ್ಲೂ ಇಲ್ಲ. ವಾರಸುದಾರರು ಅಂತ ಐತಿ. ಅಂದ್ರ ನೀನು."

ಕಾಶೆವ್ವ ತಿರುಗುವುದಿಲ್ಲ. ಕಳೆದ ಮಳೆಗಾಲದಲ್ಲಿ ಈ ಪತ್ರ ಬಂದಾಗ ಹಾಲಿನ ಡೇರಿಯ ಮುಂದೆ ಯಾರೋ ಅವಸರದಲ್ಲಿ ಓದಿ ಹೇಳಿದ್ದರು. ಅವರ ಕಿವಿಗೆ ಬಿದ್ದದ್ದು ಎರಡೇ ಮಾತು: ವಾರಂಟು, ಹಾಜರಾಗಬೇಕು. ಅಂದಿನಿಂದ ಅವರು ಬ್ಯಾಂಕಿಗೆ ಕಾಲಿಟ್ಟಿಲ್ಲ. ಗೃಹಲಕ್ಷ್ಮಿಯ ಹಣವನ್ನೂ ತೆಗೆದಿಲ್ಲ. ಓಣಿಯಲ್ಲಿ ಮೋಟರ್ ಸೈಕಲ್ ನಿಂತ ಸದ್ದಾದರೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಾರೆ.

ಇಂಥ ಮನೆಗಳಿಗೆ ನಸುಕಿನಲ್ಲಿ ಹೋಗುವುದೇ ಐವತ್ನಾಲ್ಕು ವರ್ಷದ ರೋಶನಬಿಯವರ ಕೆಲಸ. ನೌಕರಿ ಮಾಡಿ, ಪಿಂಚಣಿ ಪಡೆದು, ಬರಬೇಕಾದದ್ದು ಪೂರಾ ಕೈಗೆ ಬರುವ ಮೊದಲೇ ಸತ್ತವರ ಬಾಕಿಯನ್ನು ಅವರ ಮನೆಯವರಿಗೆ ಕೊಡಿಸಲು ಅರ್ಜಿ ಬರೆಯುವುದು, ಕಾಗದ ಹೊಂದಿಸುವುದು, ಜೊತೆಗೆ ಹೋಗಿ ನಿಲ್ಲುವುದು. ಮೂಡಲಗಿಯ ತಹಶೀಲ್ದಾರ ಕಚೇರಿಯ ಕಾಂಪೌಂಡಿಗೆ ಒರಗಿ ಅವರು ಹಗಲು ಕೂರುವ ಜಾಗವೊಂದಿದೆ. ಆದರೆ ನಿಜವಾದ ಕೆಲಸ ನಡೆಯುವುದು ಅಲ್ಲಲ್ಲ ಎನ್ನುತ್ತಾರೆ.

"ಹಗಲಿ ಕಾಗದ ತಗಿಯಾಕ ಮಂದಿ ಒಲ್ಲೆ ಅಂತಾರ್ರಿ. ಮಂದಿ ಏಳೂದ್ರಾಗ ಬಾ ಅಂತಾರ. ಸತ್ತವರ ರೊಕ್ಕ ಅಂದ್ರ ಕಳವಿನ ರೊಕ್ಕ ಇದ್ದಂಗ ಅಂಜತಾರ."

ಕಾಶೆವ್ವನ ಗಂಡ ಶಿದ್ರಾಮ ನೀರಾವರಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದವರು. ನಿವೃತ್ತರಾಗಿ ಒಂಬತ್ತು ವರ್ಷ ಪಿಂಚಣಿ ತಿಂದರು. ಆ ಪಿಂಚಣಿಯನ್ನು ಮೊದಲೇ ತಪ್ಪಾಗಿ ಕಡಿಮೆ ಲೆಕ್ಕ ಹಾಕಲಾಗಿತ್ತು ಎಂಬುದು ಅವರು ಸತ್ತ ಮೇಲೆ ತಿಳಿಯಿತು. ಆ ಒಂಬತ್ತು ವರ್ಷದ ವ್ಯತ್ಯಾಸ ಪಡೆಯಲು ವಾರಸುದಾರರು ದಾಖಲೆಗಳೊಂದಿಗೆ ಹಾಜರಾಗಬೇಕು. ಪತ್ರದಲ್ಲಿ ಇದ್ದದ್ದು ಇಷ್ಟೇ. ಶಿದ್ರಾಮರ ಹೆಂಡತಿಯಾಗಿ ಕಾಶೆವ್ವನಿಗೆ ತಿಂಗಳ ಕುಟುಂಬ ಪಿಂಚಣಿಯೂ ಬರಬೇಕು. ಅದನ್ನು ಯಾರೂ ಕೇಳಿಯೇ ಇಲ್ಲ.

ಕೇಳದಿರುವುದಕ್ಕೆ ಕಾರಣವಿದೆ. ಅದನ್ನು ಕಾಶೆವ್ವ ಎಮ್ಮೆಗೆ ಹೇಳಿದಂತೆ, ರೋಶನಬಿಯ ಕಡೆಗಾಗಲಿ ಅವರ ಜೊತೆ ಬಂದ ನನ್ನ ಕಡೆಗಾಗಲಿ ನೋಡದೆ ಹೇಳುತ್ತಾರೆ.

"ಈ ಕಾಗದ ಬರೂಕಿಂತ ಹಿಂದಿನ ವರ್ಷ ಜೂನ್‌ದಾಗ ಅವರು ಹೋದ್ರು. ಪೆನ್ಷನ್ ನಿಲ್ಲಲಿಲ್ಲ. ಬರಾಕತ್ತಿತ್ತು. ನವೆಂಬರ್‌ತನಕ ತಗೊಂಡಿವಿ. ಮೈದುನ ಕಾರ್ಡ್ ಹಾಕಿ ತಗದ ಕೊಟ್ಟಾನ. ದವಾಖಾನಿ ಸಾಲ ಇತ್ತು. ಸತ್ತವನ ಪಗಾರ ತಿಂದಿವಿ, ತಂಗಿ."

ರೋಶನಬಿ ಪೆನ್ನು ಕೆಳಗಿಡುತ್ತಾರೆ.

ನಾಗನೂರಿನ ರೋಶನಬಿ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವರು. ಮನೆತನದ ಕಸುಬು ಹತ್ತಿ ಹಿಂಜಿ ಗಾದಿ ತುಂಬುವುದು. ಈಗಲೂ ಮಧ್ಯಾಹ್ನದ ಮೇಲೆ ಅದನ್ನೇ ಮಾಡುತ್ತಾರೆ. ಹೊಟ್ಟೆ ತುಂಬುವುದು ಅದರಿಂದಲೇ. ಅರ್ಜಿಗೆ ಅವರು ತೆಗೆದುಕೊಳ್ಳುವುದು ಐವತ್ತು ರೂಪಾಯಿ ಮತ್ತು ಬಸ್ಸಿನ ಖರ್ಚು. ಗಂಡ ನಿಜಾಮಸಾಬ ಹುಕ್ಕೇರಿಯಲ್ಲಿ ಸರಕಾರಿ ಜೀಪು ಓಡಿಸುತ್ತಿದ್ದರು. 2011ರಲ್ಲಿ ಒಂದು ಮಧ್ಯಾಹ್ನ ಸ್ಟೇರಿಂಗಿನ ಮೇಲೆ ತಲೆ ಇಟ್ಟವರು ಏಳಲಿಲ್ಲ.

"ಹನ್ನೊಂದನೇ ದಿನಕ್ಕ ಅವರ ಚೀಲ ಬಿಚ್ಚಿದೆ. ಒಳಗ ಜೀಪಿಂದು ಜ್ಯಾಕ್ ಇತ್ರಿ. ರಿಪೇರಿಗಂತ ಮನಿಗೆ ತಂದಿದ್ರು. ಸರಕಾರಿ ಸಾಮಾನು. ನಾ ಏನ ತಿಳಕೊಂಡೆ, ಅವರ ರೊಕ್ಕ ಕೇಳಾಕ ಹ್ವಾದ್ರ ಮೊದಲ ಜ್ಯಾಕ್ ಎಲ್ಲಿ ಅಂತಾರ. ಸತ್ತ ಮನಷ್ಯಾಗ ಕಳ್ಳ ಅಂತಾರ."

ಆ ಜ್ಯಾಕನ್ನು ಅವರು ಹತ್ತಿಯ ಮೂಟೆಯೊಳಗೆ ಹೂತಿಟ್ಟರು. ಜೀಪಿನ ಸದ್ದು ಕೇಳಿದರೆ ಮೂಟೆ ಬದಲಿಸುತ್ತಿದ್ದರು. ಹಾಗೆ ನಾಲ್ಕು ವರ್ಷ ಕಳೆಯಿತು. ಗಂಡನ ರಜೆಯ ಪಗಾರ, ವಿಮೆ, ಗ್ರಾಚ್ಯುಟಿ ಎಲ್ಲವೂ ಕಚೇರಿಯಲ್ಲಿ ಬಿದ್ದಿದ್ದವು. ಮಗಳು ಸಾನಿಯಾ ಎಂಟನೆಯದಕ್ಕೆ ಸಾಲೆ ಬಿಟ್ಟಳು. ಹೈಸ್ಕೂಲು ಬೇರೆ ಊರಲ್ಲಿತ್ತು, ಬಸ್ಸಿಗೆ, ಬಟ್ಟೆಗೆ ಕೈಯಲ್ಲಿ ಏನೂ ಇರಲಿಲ್ಲ. ಅವಳೂ ತಾಯಿಯ ಜೊತೆ ಗಾದಿ ಹೊಲಿಯಲು ಕುಳಿತಳು.

2015ರಲ್ಲಿ ಸಾನಿಯಾಳ ಮದುವೆಯ ಮಾತು ಬಂದಾಗ ರೋಶನಬಿ ಜ್ಯಾಕನ್ನು ಕೈಚೀಲಕ್ಕೆ ಹಾಕಿಕೊಂಡು ಹುಕ್ಕೇರಿಗೆ ಹೋದರು. ಗುಮಾಸ್ತರ ಮೇಜಿನ ಮೇಲಿಟ್ಟರು. ಅವರು ಅರ್ಧ ತಾಸು ರಿಜಿಸ್ಟರ್ ಹುಡುಕಿ, ಒಂದು ಸಾಲಿಗೆ ಗುರುತು ಹಾಕಿ, ರಸೀದಿ ಹರಿದುಕೊಟ್ಟರು. ಇಷ್ಟು ದಿನ ಎಲ್ಲಿದ್ರಿ ಬಾಯಾರ, ಎಂದಷ್ಟೇ ಕೇಳಿದರು. ಐದು ತಿಂಗಳಲ್ಲಿ ಹಣ ಬಂತು.

"ಹೊರಗ ಬಂದು ಅತ್ತೆ. ಖುಷಿಗಲ್ಲ. ನನ್ನ ಮಗಳ ಸಾಲಿ ಹೋತಲ್ಲ, ಒಂದ ಜ್ಯಾಕಿನ ಸಂಬಂಧ. ಯಾರರ ಒಬ್ಬರು ಮನಿಗೆ ಬಂದು, ಏನೂ ಆಗೂದಿಲ್ಲ ನಡಿ, ಅಂದಿದ್ರ ಹೋಗತಿದ್ದೆ. ಯಾರೂ ಬರಲಿಲ್ಲ."

ಆ ಯಾರೋ ಒಬ್ಬರು ತಾವೇ ಆಗಬೇಕೆಂದು ರೋಶನಬಿ ಹೊರಟು ಹನ್ನೊಂದು ವರ್ಷವಾಯಿತು. ವಾರಕ್ಕೆ ಮೂರು ದಿನ ನಸುಕಿನ ಐದಕ್ಕೆ ಮನೆ ಬಿಡುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳಲ್ಲಿ ಇಲ್ಲಿಯವರೆಗೆ ಮುನ್ನೂರ ಅರವತ್ತು ಮನೆಗಳಿಗೆ ಅರ್ಜಿ ಬರೆದಿದ್ದಾರೆ. ಸಾಲೆಯ ಜವಾನರು, ಅಂಚೆಯವರು, ರಸ್ತೆ ಕೆಲಸದವರು, ದಾದಿಯರು, ಎಲ್ಲರ ಹೆಸರೂ, ಮುಂದೆ ಅರ್ಜಿ ಏನಾಯಿತೆಂಬುದೂ ಆರು ನೋಟುಬುಕ್ಕುಗಳಲ್ಲಿವೆ. ಒಂದು ಹೆಸರಿನ ಮುಂದೆ ಮಾತ್ರ ಏನೂ ಬರೆದಿಲ್ಲ.

ಅದು ಕರೆಪ್ಪ. ಹುಕ್ಕೇರಿ ರಸ್ತೆಯ ಮೇಲಿನ ಒಂದು ಹಳ್ಳಿಯವರು. ತಾಯಿ ಸತ್ತು ಆರು ವರ್ಷವಾದರೂ, ಬದುಕಿದ್ದಾರೆಂದು ಪ್ರತಿ ವರ್ಷ ಬೇರೊಬ್ಬ ಮುದುಕಿಯ ಹೆಬ್ಬೆಟ್ಟು ಒತ್ತಿಸಿ ಪಿಂಚಣಿ ಎತ್ತುತ್ತಿದ್ದರು. ಆಮೇಲೆ ಮನಸ್ಸು ಕುಟುಕಿ ರೋಶನಬಿಯ ಬಳಿ ಬಂದು ಎಲ್ಲ ಹೇಳಿದರು. ಅವರು ಹೇಳಿದ್ದನ್ನು ಹೇಳಿದಂತೆ ರೋಶನಬಿ ಬರೆದರು. ಕರೆಪ್ಪನನ್ನು ಪೊಲೀಸರು ಕರೆದೊಯ್ದರು. ಹದಿನಾಲ್ಕು ದಿನ ಒಳಗಿದ್ದರು. ಎತ್ತು ಮಾರಿ ಹಣ ಕಟ್ಟಿದರು. ಮೊಕದ್ದಮೆ ಇನ್ನೂ ನಡೆದಿದೆ.

"ಅವ ಮಾಡಿದ್ದು ತಪ್ಪ ಖರೆ. ಆದ್ರ ಬರದ ಕೈ ನಂದ್ರಿ," ಎನ್ನುತ್ತಾರೆ ರೋಶನಬಿ. "ಈಗ ಕಾಶೆವ್ವಂದು ಐದ ತಿಂಗಳದು. ಸುಳ್ಳ ಹೆಬ್ಬಟ್ಟ ಇಲ್ಲ. ಏನೂ ಆಗಲಿಕ್ಕಿಲ್ಲ ಅನಸತೈತಿ. ಆದ್ರ ನಾ ವಕೀಲಕಿ ಅಲ್ಲ. ನನಗ ಅನಸಿದ್ದ ತಪ್ಪಾದ್ರ?"

ಕೊಟ್ಟಿಗೆಯಲ್ಲಿ ಬೆಳಕು ಹರಿಯುವಷ್ಟರಲ್ಲಿ ಕಾಶೆವ್ವನ ಮೈದುನ ಉದ್ದಪ್ಪ ಬಂದು ನಿಲ್ಲುತ್ತಾರೆ. ದೊಡ್ಡ ಮೈಕಟ್ಟಿನ, ಮೆತ್ತಗೆ ಮಾತಾಡುವ ಮನುಷ್ಯ. ಕಾಗದ ಬಿಚ್ಚಿರುವುದನ್ನು ನೋಡುತ್ತಾರೆ.

"ಅಕ್ಕಾರ, ಮಿಷಿನ್‌ದಾಗ ಕಾರ್ಡ್ ಹಾಕಿದಾವ ನಾ. ಅಲ್ಲಿ ಕ್ಯಾಮೆರಾ ಇರತಾವ. ನನಗ ಮೂರ ಹೆಣ್ಣಮಕ್ಕಳು ಅದಾವ. ನೀವು ಈ ಅರ್ಜಿ ಬರದ್ರ, ನಾ ಏನ ಮಾಡಕೋತೇನಿ ನನಗ ಗೊತ್ತಿಲ್ಲ."

ಅದು ಬೆದರಿಕೆಯೋ ಬೇಡಿಕೆಯೋ ತಿಳಿಯುವುದಿಲ್ಲ. ಅಣ್ಣನ ಬ್ಯಾಂಕ್ ಪಾಸ್‌ಬುಕ್ಕು ತಮ್ಮ ಬಳಿಯೇ ಇದೆಯೆಂದೂ ಕೊಡುವುದಿಲ್ಲವೆಂದೂ ಹೇಳಿ ಅವರು ಹೊರಟುಹೋಗುತ್ತಾರೆ.

ಗೋಕಾಕದ ಕಚೇರಿಗೆ ಹೋಗಲು ಮುಂದಿನ ಸೋಮವಾರ ಗೊತ್ತಾಗುತ್ತದೆ. ಭಾನುವಾರ ಮುಂಜಾನೆ ರೋಶನಬಿಗೆ ಫೋನು ಬರುತ್ತದೆ. ಕಾಶೆವ್ವ ಮನೆಯಲ್ಲಿಲ್ಲ. ಎಮ್ಮೆಯನ್ನು ಆಚೆ ಮನೆಯವರಿಗೆ ಒಪ್ಪಿಸಿ, ಎಲ್ಲಿಗೆಂದು ಯಾರಿಗೂ ಹೇಳದೆ ಹೋಗಿದ್ದಾರೆ.

ಮೂಡಲಗಿಯ ಬಸ್ ನಿಲ್ದಾಣದಲ್ಲಿ ನಾನು ಅವರನ್ನು ಸೇರಿಕೊಂಡಾಗ ರೋಶನಬಿ ಚಹಾ ಮುಟ್ಟಿಲ್ಲ. ಕಾಲುವೆಯ ಮಾತು ಅವರ ತಲೆಯಲ್ಲಿದೆ. "ಹನ್ನೆರಡ ಮಾರು ದೂರದಾಗ ಕಾಲಿವಿ ಐತ್ರಿ ಆಕಿ ಮನಿಯಿಂದ," ಎನ್ನುತ್ತಾರೆ. ನಿಡಸೋಸಿಯಲ್ಲಿ ಕಾಶೆವ್ವನ ತಂಗಿ ಉದ್ದವ್ವ ಇದ್ದಾರೆ. ಅಲ್ಲಿ ಫೋನು ಎತ್ತುತ್ತಿಲ್ಲ. ಗೋಕಾಕಕ್ಕೆ ಬಂದು ಹುಕ್ಕೇರಿಯ ಬಸ್ಸು ಹಿಡಿಯುತ್ತೇವೆ.

ದಾರಿಯಲ್ಲಿ ಒಂದು ನಿಲುಗಡೆ ಹತ್ತಿರವಾಗುತ್ತಿದ್ದಂತೆ ರೋಶನಬಿ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ. ಹತ್ತಿದವರಲ್ಲಿ ಬಿಳಿ ಟೊಪ್ಪಿಗೆಯ, ಬಡಕಲು ದೇಹದ ಒಬ್ಬರು ನಮ್ಮ ಮುಂದಿನ ಸೀಟಿಗೆ ಬಂದು, ಕೂರುವ ಮೊದಲು ಹಿಂದೆ ನೋಡುತ್ತಾರೆ. ನೋಡುತ್ತಲೇ ನಿಲ್ಲುತ್ತಾರೆ. ಕರೆಪ್ಪ ಅವರೇ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ.

"ಇನ್ನಾ ಬರೀತೀರೇನ್ರಿ?" ಎಂದು ಕೇಳುತ್ತಾರೆ.

"ಬರೀತೇನಿ," ಎನ್ನುತ್ತಾರೆ ರೋಶನಬಿ.

ಕರೆಪ್ಪ ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ. ಹುಕ್ಕೇರಿಯಲ್ಲಿ ಇಳಿಯುವವರೆಗೆ ರೋಶನಬಿಯ ಕಣ್ಣು ಅವರ ಟೊಪ್ಪಿಗೆಯ ಮೇಲೆಯೇ ಇರುತ್ತದೆ.

ಕಾಶೆವ್ವ ನಿಡಸೋಸಿಯಲ್ಲಿ ಸಿಗುತ್ತಾರೆ. ಉದ್ದವ್ವನ ಮನೆಯ ಹಿತ್ತಿಲಲ್ಲಿ, ಪೇರಿಸಿಟ್ಟ ಸಗಣಿ ಕುಳ್ಳಿನ ಹಿಂದೆ ನೆಲದ ಮೇಲೆ ಕುಳಿತಿದ್ದಾರೆ. ತಲೆ ಬಾಚಿಲ್ಲ. ಬಂದಾಗಿನಿಂದ ರೊಟ್ಟಿ ಮುರಿದಿಲ್ಲವೆಂದು ಉದ್ದವ್ವ ಹೇಳುತ್ತಾರೆ. ರೋಶನಬಿ ಅವರ ಎದುರಿಗೆ ಕೂರುತ್ತಾರೆ. ಕಾಶೆವ್ವ ಕೇಳುವ ಮೊದಲ ಮಾತು ಇದು:

"ಜೇಲಿನ್ಯಾಗ ಹೆಣ್ಣಮಕ್ಕಳನ್ನ ಬ್ಯಾರೆ ಇಡತಾರೇನು?"

ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಆದರೆ ರೋಶನಬಿಯ ಉತ್ತರ ಕೇಳಿಸುತ್ತದೆ.

"ಏನೂ ಆಗೂದಿಲ್ಲ ಅಂತ ನಾ ಆಣಿ ಮಾಡಿ ಹೇಳಾಕ ಬರೂದಿಲ್ಲ ಅಕ್ಕಾ. ಆಗಲಿಕ್ಕಿಲ್ಲ ಅಂತ ಹೇಳತೇನಿ. ಆದ್ರೂ ಆದ್ರ, ನಿನ್ನ ಬಾಜೂಕ ನಾ ಇರತೇನಿ. ಅರ್ಜಿ ಮ್ಯಾಲ ಬರದವರ ಹೆಸರು ಅಂತ ನಂದೂ ಹಾಕತೇನಿ. ಕರಕೊಂಡ ಹ್ವಾದ್ರ ಇಬ್ಬರನ್ನೂ ಕರಕೊಂಡ ಹೋಗ್ಲಿ."

ಅಲ್ಲಿಯೇ ಕುಳ್ಳಿನ ರಾಶಿಗೆ ಒರಗಿ ಅರ್ಜಿ ಬರೆಯುತ್ತಾರೆ. ಮುಖ್ಯವಾದ ಸಾಲಿಗೆ ಬಂದಾಗ ಓದಿ ಹೇಳುತ್ತಾರೆ: ಗಂಡನ ಮರಣಾನಂತರ ಐದು ತಿಂಗಳ ಪಿಂಚಣಿಯನ್ನು ತಿಳಿಯದೆ ತೆಗೆದುಕೊಂಡಿರುತ್ತೇವೆ. ಬರೆದು ನಿಲ್ಲಿಸುತ್ತಾರೆ.

"ಅಕ್ಕಾ, ತಿಳಿದಿತ್ತೋ, ಇಲ್ಲೋ?"

ಉದ್ದವ್ವ ನಡುವೆ ಬಾಯಿ ಹಾಕುತ್ತಾರೆ. "ತಿಳಿಯದೆ ಅಂತ ಇರ್ಲಿ ಬಿಡ್ರಿ. ಯಾರ ಬಂದ ನೋಡತಾರ."

ಕಾಶೆವ್ವ ನೆಲ ನೋಡುತ್ತಾರೆ. "ತಿಳಿದಿತ್ತು," ಎನ್ನುತ್ತಾರೆ. "ದವಾಖಾನಿಯವರು ದಿನಾ ಫೋನ್ ಮಾಡತಿದ್ರು."

ರೋಶನಬಿ ಆ ಒಂದು ಶಬ್ದವನ್ನು ಹೊಡೆದುಹಾಕುತ್ತಾರೆ. ಅದರ ಮೇಲೆ, ಆಸ್ಪತ್ರೆಯ ಸಾಲ ತೀರಿಸಲು, ಎಂದು ಸಣ್ಣಗೆ ಬರೆಯುತ್ತಾರೆ. ಆಮೇಲೆ ಹೊಸ ಹಾಳೆ ತೆಗೆದುಕೊಂಡು ಇಡೀ ಅರ್ಜಿಯನ್ನು ಮೊದಲಿನಿಂದ ನಕಲು ಮಾಡುತ್ತಾರೆ. ಕೊನೆಯಲ್ಲಿ ತಮ್ಮ ಹೆಸರು ಹಾಕುವಾಗ ಪೆನ್ನು ಎರಡು ಸಲ ನಿಂತು ಹೋಗುತ್ತದೆ. ಕಾಶೆವ್ವ ಸಹಿ ಮಾಡುತ್ತಾರೆ. ಒಂದೊಂದು ಅಕ್ಷರಕ್ಕೂ ಉಸಿರು ಬಿಡುತ್ತಾರೆ.

ಸೋಮವಾರ ಗೋಕಾಕ. ಹನ್ನೊಂದು ಗಂಟೆಗೆ ಹೆಸರು ಕೂಗುತ್ತಾರೆ. ಕಾಶೆವ್ವ ಎದ್ದು ನಿಂತವರು ಮತ್ತೆ ಕೂರುತ್ತಾರೆ. ರೋಶನಬಿ ರಟ್ಟೆಗೆ ಕೈ ಕೊಟ್ಟು ಒಳಗೆ ಕರೆದೊಯ್ಯುತ್ತಾರೆ. ಮರಣ ಪ್ರಮಾಣ ಪತ್ರ, ವಂಶಾವಳಿ, ಆಧಾರ್, ಶಿದ್ರಾಮರ ಪಿಂಚಣಿ ಪುಸ್ತಕ, ಒಂದೊಂದಾಗಿ ಮೇಜಿನ ಮೇಲಿಡುತ್ತಾರೆ. ಪಾಸ್‌ಬುಕ್ಕು ಇಲ್ಲ.

ಕನ್ನಡಕದ ಅಧಿಕಾರಿಣಿ ಅರ್ಜಿ ಓದುತ್ತಾರೆ. ಅವರ ಬೆರಳು ಆ ಸಾಲಿನ ಮೇಲೆ ಬಂದು ನಿಲ್ಲುತ್ತದೆ.

"ಇದನ್ನ ತಗದವರ್ಯಾರ್ರಿ?"

ಕಾಶೆವ್ವ ರೋಶನಬಿಯ ಕಡೆ ನೋಡುತ್ತಾರೆ. ರೋಶನಬಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಾತು ಕೇಳುತ್ತದೆ.

"ನಾ ರಿ. ಕಾರ್ಡ್ ನನ್ನ ಕೈಯಾಗಿತ್ತು. ವೈನಿದೇನೂ ತಪ್ಪಿಲ್ಲ. ಏನ ಬರಕೋತೀರಿ, ನನ್ನ ಹೆಸರಿಗೆ ಬರಕೋರಿ."

ಉದ್ದಪ್ಪ ಬಾಗಿಲ ಬಳಿ ನಿಂತಿದ್ದಾರೆ. ಒಗೆದ ಅಂಗಿ ಹಾಕಿಕೊಂಡು, ಪಾಸ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಹೆಂಡತಿಗೆ, ಸಂಜೆಗೆ ಬರದಿದ್ದರೆ ಹುಡುಕಬೇಡಿರಿ ಎಂದು ಹೇಳಿ ಬಂದಿದ್ದರೆಂದು ಆಮೇಲೆ ತಿಳಿಯಿತು.

ಅಧಿಕಾರಿಣಿ ಪಾಸ್‌ಬುಕ್ಕು ತೆಗೆದುಕೊಂಡು ಹಾಳೆ ತಿರುವುತ್ತಾರೆ. ಪೆನ್ಸಿಲಿನಿಂದ ಐದು ಸಾಲುಗಳಿಗೆ ಗೆರೆ ಎಳೆಯುತ್ತಾರೆ. ಮೂವರೂ ಆ ಪೆನ್ಸಿಲನ್ನೇ ನೋಡುತ್ತಿದ್ದಾರೆ.

"ಈ ಐದು ತಿಂಗಳದ್ದು ನಿಮ್ಮ ಬಾಕಿಯೊಳಗ ಕಡಿತ ಆಗತೈತಿ," ಎನ್ನುತ್ತಾರೆ ಕೊನೆಗೆ. "ಉಳಿದದ್ದು ಇವರ ಖಾತೆಗೆ ಬರತೈತಿ. ಸತ್ತ ಮರುದಿನದಿಂದ ಕುಟುಂಬ ಪಿಂಚಣಿ ಬ್ಯಾರೆ ಲೆಕ್ಕ. ನೀವಾಗಿ ಬರದ ಕೊಟ್ಟೀರಿ. ಮುಚ್ಚಿಟ್ಟು, ನಾವು ಹುಡುಕಿದ್ರ ಮಾತು ಬ್ಯಾರೆ ಇತ್ತು. ಹೋಗ್ರಿ."

ಮೂವರೂ ಹೋಗುವುದಿಲ್ಲ. ಹೋಗಿ ಎಂದದ್ದು ಮನೆಗೋ ಇನ್ನೆಲ್ಲಿಗೋ ಅವರಿಗೆ ಗೊತ್ತಾಗುವುದಿಲ್ಲ. ಅಧಿಕಾರಿಣಿ ಎರಡನೆಯ ಸಲ, ಮನಿಗೆ ಹೋಗ್ರಿ, ಎಂದ ಮೇಲೆ ಮೂವರೂ ಹೊರಗೆ ಬರುತ್ತಾರೆ.

ಅಲ್ಲಿಗೂ ಅಂಜಿಕೆ ಮುಗಿಯಲಿಲ್ಲ. ಹಣ ಬರಲು ಏಳು ವಾರ ಹಿಡಿಯಿತು. ಆ ಏಳು ವಾರವೂ ಕಾಶೆವ್ವ ಮೋಟರ್ ಸೈಕಲ್ ಸದ್ದಿಗೆ ಹಿತ್ತಿಲಿಗೆ ಹೋಗುತ್ತಿದ್ದರು. ಅಧಿಕಾರಿಣಿಯ, ಮನಿಗೆ ಹೋಗ್ರಿ, ಎಂಬ ಮಾತಿನಲ್ಲಿ ಏನಾದರೂ ಒಳಅರ್ಥವಿತ್ತೇ ಎಂದು ರೋಶನಬಿಗೆ ದಿನಕ್ಕೊಂದು ಫೋನು ಮಾಡುತ್ತಿದ್ದರು. ರೋಶನಬಿಯೂ ಆ ದಿನಗಳಲ್ಲಿ ಸರಿಯಾಗಿ ಮಲಗಿಲ್ಲವೆಂದು ಹೇಳಿದ್ದು ಅವರಲ್ಲ, ಸಂಕೇಶ್ವರದಿಂದ ಬಂದಿದ್ದ ಮಗಳು ಸಾನಿಯಾ. "ನಮ್ಮವ್ವ ಪ್ರತಿ ಅರ್ಜಿಗೂ ಹಿಂಗ ರಿ. ಉತ್ತರಾ ಬರೂತನಕ ಬಾಗಲದ ಕಡೆ ನೋಡಕೋತ ಕುಂದರತಾಳ."

ಐದು ತಿಂಗಳದ್ದು ಕಳೆದು ತೊಂಬತ್ತೊಂದು ಸಾವಿರ ಚಿಲ್ಲರೆ ಜಮಾ ಆದ ದಿನ ಕಾಶೆವ್ವ ಬ್ಯಾಂಕಿಗೆ ಹೋಗಿ ಮೊದಲು ಐನೂರು ರೂಪಾಯಿ ಮಾತ್ರ ತೆಗೆದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. ಕಾಲು ತಾಸು ಕಾದರು. ಯಾರೂ ಕರೆಯಲಿಲ್ಲ, ಯಾರೂ ಬರಲಿಲ್ಲ. ಆಮೇಲೆ ಒಳಗೆ ಹೋಗಿ ಎಮ್ಮೆಯ ಹಿಂಡಿಗೆ, ಹಲ್ಲಿನ ಡಾಕ್ಟರಿಗೆ ಬೇಕಾದಷ್ಟು ತೆಗೆದರು. ಎರಡು ವರ್ಷದಿಂದ ಅವರ ಎಡಗಡೆಯ ದವಡೆ ನೋಯುತ್ತಿತ್ತು.

ಮೊನ್ನೆ ಗುರುವಾರ ನಾನು ನಾಗನೂರಿಗೆ ಹೋದಾಗ ರೋಶನಬಿ ಗಾದಿಯೊಂದಕ್ಕೆ ಕೊನೆಯ ಟಾಕು ಹಾಕುತ್ತಿದ್ದರು. ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ಮರುದಿನ ಹುಕ್ಕೇರಿ ಕಡೆಯ ಇನ್ನೊಂದು ಮನೆಗೆ ಹೋಗಬೇಕಂತೆ. ಸತ್ತ ಅಂಗನವಾಡಿ ಸಹಾಯಕಿಯೊಬ್ಬರ ಮನೆ, ಗಂಡ ಕಾಗದ ತೋರಿಸಲು ಒಪ್ಪುತ್ತಿಲ್ಲ. ಕರೆಪ್ಪನ ಊರು ದಾಟಿಯೇ ಹೋಗಬೇಕು. ಬಸ್ಸಿನಲ್ಲಿ ಮತ್ತೆ ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಕುಂದರತೇನ್ರಿ. ಅವರೂ ಕುಂದರತಾರ. ಬಸ್ಸ ಎಲ್ಲಾರದೂ."

ಇಷ್ಟು ವರ್ಷದಲ್ಲಿ ಮಾಡಿದ್ದರಲ್ಲಿ ಸಮಾಧಾನ ಕೊಡುವಂಥದ್ದು ಯಾವುದು ಎಂದಾಗ ಅವರು ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು.

"ನನ್ನ ಅರ್ಜಿ ಬಹಳ ವಾಪಸ್ ಬಂದಾವ್ರಿ. ಕಾಗದ ಕಮ್ಮಿ ಐತಿ ಅಂತ ಬಂದಾವ. ಸಹಿ ತಪ್ಪೈತಿ ಅಂತ ಬಂದಾವ. ಅಕ್ಷರ ತಿಳಿಯೂದಿಲ್ಲ ಅಂತನೂ ಒಂದ ಬಂದಿತ್ತು. ಸುಳ್ಳ ಐತಿ ಅಂತ ಒಂದೂ ಬಂದಿಲ್ಲ."